ಅಂಚು ಹೊಲಿಯದ ನೆರಳು

ಶ್ರೀಮನ್ಮಹಾ ಛಾಯಾಧಿಪತಿ, ಬೆಳಕು-ಕತ್ತಲೆಗಳ ಏಕಚಕ್ರಾಧೀಶ್ವರ, ಒಂದೇ ಒಂದು ಚಿತ್ರ ತೆಗೆದು ಕೈತೊಳೆದುಕೊಂಡ ಅದ್ವಿತೀಯ ನಿರ್ದೇಶಕ, ನಲವತ್ತು ವರ್ಷಗಳಿಂದ ಯಾವ ತಲೆಯ ಹಿಂದೆಯೂ ಕಪ್ಪು ಬೀಳದಂತೆ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿರುವ ಮಹಾನುಭಾವ, ಮೊಮ್ಮಗಳ ಮೇಲೆ ಮುನಿದು ಒಂದು ಕೈಚೀಲದೊಡನೆ ತಂಗಿಯ ಮನೆಗೆ ದಂಡಯಾತ್ರೆ ಹೊರಟ ತಾತಶ್ರೀಯವರ ಪಾದಾರವಿಂದಗಳಿಗೆ ಕಪಿಯ ಸಾಷ್ಟಾಂಗ ಪ್ರಣಾಮಗಳು.

(ಬುಧವಾರ, ಬೆಳಗ್ಗೆ ಹನ್ನೊಂದು ಗಂಟೆ. ಸ್ಟುಡಿಯೋದಲ್ಲಿ ಗಿರಾಕಿ ಕೂರುವ ಸ್ಟೂಲಿನ ಮೇಲಿಂದ. ಗಿರಾಕಿ ಇಲ್ಲ.)

ಇಲ್ಲಿ ಎಲ್ಲರೂ ಕ್ಷೇಮ. ಅಲ್ಲಿ ತಾವೂ ಕ್ಷೇಮವೆಂಬುದು ನಿನ್ನೆ ಬಂದ ತಮ್ಮ ಕಾರ್ಡಿನಿಂದಲೇ ತಿಳಿಯಿತು. ಮೈ ಸರಿಯಿಲ್ಲದವರಿಗೆ ಅಷ್ಟು ಒತ್ತಿ ಬರೆಯಲು ಸಾಧ್ಯವಿಲ್ಲ. ಮೂರು ಕಡೆ ಕಾರ್ಡು ತೂತಾಗಿದೆ. ಕಿಟಕಿಗೆ ಹಿಡಿದರೆ ಗೋಡೆಯ ಮೇಲೆ ಮೂರು ಚುಕ್ಕೆ ಬೆಳಕು ಬೀಳುತ್ತದೆ. ಕೋಪದಲ್ಲೂ ತಮ್ಮ ಲೈಟಿಂಗ್ ಚೆನ್ನಾಗಿದೆ.

ಹೊರಟ ರಭಸದಲ್ಲಿ ತಾವು ಬಲಗಾಲಿಗೆ ತಮ್ಮ ಚಪ್ಪಲಿಯನ್ನೂ ಎಡಗಾಲಿಗೆ ಅಪ್ಪನ ಚಪ್ಪಲಿಯನ್ನೂ ಮೆಟ್ಟಿಕೊಂಡು ಹೋಗಿದ್ದೀರಿ. ಉಳಿದ ಜೋಡಿಯಲ್ಲಿ ಅಪ್ಪ ಆಫೀಸಿಗೆ ಹೋಗಿ ಬರುತ್ತಿದ್ದಾರೆ. ಕೇಳಿದವರಿಗೆ ಕಾಲು ಉಳುಕಿದೆ ಅನ್ನುತ್ತಾರೆ. ಈ ಮನೆಯಲ್ಲಿ ಸತ್ಯ ಹೇಳುವವರು ಯಾರೂ ಇಲ್ಲ, ನನ್ನೊಬ್ಬಳನ್ನು ಬಿಟ್ಟು.

ಕಾರ್ಡಿನಲ್ಲಿ ಮೂರು ಅಪ್ಪಣೆ ದಯಪಾಲಿಸಿದ್ದೀರಿ. ಒಂದು, ಟಾಕೀಸಿನಲ್ಲಿರುವ ಏಳು ರೀಲುಗಳನ್ನೂ ತಂದು ಗುಜರಿಗೆ ಹಾಕತಕ್ಕದ್ದು. ಎರಡು, ಗೋಡೆಗೆ ಹಚ್ಚಿದ ಪೋಸ್ಟರ್ ಕಿತ್ತು, ಅದೇ ಜಾಗದಲ್ಲಿ ಕ್ಷಮಾಪಣೆ ಹಚ್ಚತಕ್ಕದ್ದು. ಮೂರನೆಯದರ ಮೇಲೆ ಅಮ್ಮ ಲೋಟ ಇಟ್ಟಿದ್ದರಿಂದ ಅಕ್ಷರ ಹರಡಿದೆ. ಅದು ಏನೇ ಇದ್ದರೂ ಸೇರಿಸಿಕೊಂಡೇ ಉತ್ತರ ಹೇಳುತ್ತೇನೆ. ಆಗುವುದಿಲ್ಲ, ಪ್ರಭು. ಒಂದೂ ಆಗುವುದಿಲ್ಲ. ಇವೆಲ್ಲ ನಡೆಯುವ ತನಕ ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಅಂತ ತಾವು ಬರೆದ ಕೊನೆಯ ಸಾಲು ಮಾತ್ರ ಸ್ಪಷ್ಟವಾಗಿದೆ. ಆ ಲೋಟ ಒಂದಿಂಚು ಕೆಳಗೆ ಇಟ್ಟಿದ್ದರೆ ಚೆನ್ನಾಗಿತ್ತು.

ತಾವು, ತಮ್ಮ, ತಮಗೆ ಅಂತ ಇಷ್ಟು ಬರೆಯುವಷ್ಟರಲ್ಲೇ ಕೈ ನೋಯುತ್ತಿದೆ ತಾತ. ಇನ್ನು ನೀನು ಅನ್ನುತ್ತೇನೆ. ಜಗಳಕ್ಕೆ ತಾವು ಒಗ್ಗುವುದಿಲ್ಲ.

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ಅಪರಾಧದ ಮೂಲ ನಾನಲ್ಲ, ನೀನು. ಹೋದ ತಿಂಗಳು ಸ್ಟುಡಿಯೋದ ಅಟ್ಟ ಖಾಲಿ ಮಾಡು, ಏನು ಸಿಕ್ಕರೂ ಗುಜರಿಗೆ ಹಾಕು, ನನ್ನನ್ನು ಏನೂ ಕೇಳಬೇಡ ಅಂದವನು ನೀನು. ನಾನು ಕೇಳಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ನಿನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದಕ್ಕೆ ಈ ಶಿಕ್ಷೆ.

ಮೆಟ್ಟಿಲು, ಹೂಕುಂಡ, ದೂರದಲ್ಲೊಂದು ಕೆರೆ ಬರೆದ ಹಳೆಯ ಪರದೆಯ ಹಿಂದೆ ಏಳು ತಗಡಿನ ಡಬ್ಬಿಗಳಿದ್ದವು. ಬಿಸ್ಕತ್ತಿರಬಹುದು ಅಂತ ತೆಗೆದೆ. ಒಳಗಿನಿಂದ ಹುಳಿ ವಾಸನೆ ಬಂತು. ಮುಚ್ಚಳದ ಮೇಲೆ ನಿನ್ನ ಅಕ್ಷರದಲ್ಲಿ ಸಿನಿಮಾದ ಹೆಸರು: 'ನೆರಳು ಬಿಟ್ಟವರು'. ಅದರ ಕೆಳಗೆ ನಿರ್ದೇಶನ ಅಂತ ನಿನ್ನ ಹೆಸರು, ಅದರ ಮೇಲೆ ಯಾರೋ ಮೊಳೆಯಿಂದ ಗೀಚಿದ್ದರು. ಯಾರೋ ಅಂತ ಮರ್ಯಾದೆಗೆ ಬರೆದೆ.

ನಮ್ಮ ಮನೆಯಲ್ಲಿ ಬೆಡ್‌ಶೀಟ್ ಅನ್ನುವ ಪದವೇ ಇಲ್ಲ, ಮಂಚದ ಬಟ್ಟೆ ಅನ್ನಬೇಕು ಅಂತ ನಾನು ಮೂರು ವರ್ಷದವಳಿದ್ದಾಗಲೇ ಪಾಠವಾಗಿತ್ತು. ಅಂಗಡಿಗೆ ಹೋಗಿ ಮಂಚದ ಬಟ್ಟೆ ಕೊಡಿ ಅಂದರೆ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಕಾರಣ ಮಾತ್ರ ಯಾರೂ ಹೇಳಿರಲಿಲ್ಲ. ಡಬ್ಬಿ ಸಿಕ್ಕ ದಿನ ಅಜ್ಜಿಯನ್ನು ಕೇಳಿದೆ. ಅವಳು ಹೊಲಿಗೆ ಮಿಷಿನ್ ನಿಲ್ಲಿಸಿ, ನಿಮ್ಮ ತಾತನಿಗೆ ಒಂದು ಕಾಲದಲ್ಲಿ ಬೆಡ್‌ಶೀಟ್ ಡೈರೆಕ್ಟರ್ ಅಂತ ಹೆಸರಿತ್ತು ಕಣೇ ಅಂದಳು. ಅಂದವಳೇ ಮತ್ತೆ ಮಿಷಿನ್ ಜೋರಾಗಿ ತುಳಿದಳು. ಆ ಸದ್ದಿನಲ್ಲಿ ಮುಂದೆ ಏನು ಕೇಳಿದರೂ ಪ್ರಯೋಜನವಿರಲಿಲ್ಲ.

ಡಬ್ಬಿಗಳನ್ನು ಟಾಕೀಸಿಗೆ ಹೊತ್ತುಕೊಂಡು ಹೋದೆ. ಹಳೆಯ ರೀಲಿನ ಯಂತ್ರ ಇನ್ನೂ ಓಡುವುದು ಅಲ್ಲೊಂದೇ ಕಡೆ, ಓಡಿಸಲು ಬರುವುದು ಆಪರೇಟರ್ ಮಾಮನಿಗೊಬ್ಬರಿಗೇ. ಅವರು ಒಂದು ಡಬ್ಬಿ ತೆಗೆದು ಮೂಸಿ, ಮಗೂ, ಇದು ಕೊಳೆಯಲು ಶುರುವಾಗಿದೆ, ಇನ್ನೊಂದು ಬೇಸಿಗೆ ಕಳೆದರೆ ಪದರಕ್ಕೆ ಪದರ ಅಂಟಿಕೊಂಡು ಬೆಲ್ಲದ ಅಚ್ಚಿನ ಹಾಗೆ ಆಗುತ್ತದೆ, ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ ಅಂದರು. ಚಿತ್ರಸಂಘ ನಡೆಸುವ ಮೇಷ್ಟ್ರಿಗೆ ಅವರೇ ಹೇಳಿಕಳಿಸಿದರು. ಮೇಷ್ಟ್ರು ನೋಡಿ, ಇದು ಈ ಜಾತಿಯ ಸಿನಿಮಾಗಳಲ್ಲಿ ಕ್ಲಾಸಿಕ್ ಅಂದರು, ಹಳೆಯ ಚಿತ್ರಗಳನ್ನು ಕಾಪಾಡಿ ಇಡುವ ಭಂಡಾರಕ್ಕೆ ಬರೆದರು. ಅವರು ಒಪ್ಪಿದ್ದಾರೆ. ಆದರೆ ತೆಗೆದವನು ಬದುಕಿದ್ದರೆ ಅವನ ಸಹಿ ಬೇಕಂತೆ. ನೀನು ಬದುಕಿದ್ದೀಯ ಅನ್ನುವುದಕ್ಕೆ ತೂತು ಬಿದ್ದ ಕಾರ್ಡೇ ಸಾಕ್ಷಿ.

ಈಗ ಅರ್ಥವಾಯಿತೇ ನಾನು ಯಾಕೆ ಹಟ ಹಿಡಿದಿದ್ದೇನೆ ಅಂತ? ಮೊದಲ ಆಟ ಹೋದ ಭಾನುವಾರ ಆಯಿತು, ಬರುವ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಎರಡನೆಯ ಆಟ. ಸೋಮವಾರ ಭಂಡಾರದ ವ್ಯಾನು ಬರುತ್ತದೆ. ಸಹಿ ಇದ್ದರೆ ಡಬ್ಬಿಗಳು ಹತ್ತುತ್ತವೆ. ಇಲ್ಲದಿದ್ದರೆ ವ್ಯಾನು ಖಾಲಿ ಹೋಗುತ್ತದೆ, ಡಬ್ಬಿಗಳು ಬೇಸಿಗೆಗೆ ಕಾಯುತ್ತವೆ. ನೀನು ಗುಜರಿಗೆ ಹಾಕು ಅಂತ ಬರೆಯುವ ಶ್ರಮವನ್ನೂ ತೆಗೆದುಕೊಳ್ಳಬೇಕಾಗಿರಲಿಲ್ಲ. ಸುಮ್ಮನೆ ಕೂತಿದ್ದರೂ ಸಾಕು, ಕೆಲಸ ತಾನೇ ಆಗುತ್ತದೆ.

ನಿನಗೆ ಕೋಪ ಬಂದದ್ದು ಮೇಷ್ಟ್ರು ಆಟಕ್ಕೆಂದು ಹಂಚಿದ ಕರಪತ್ರದ ಒಂದು ಸಾಲಿಗೆ ಅಂತ ಅಮ್ಮ ಅನ್ನುತ್ತಾರೆ. 'ಉಪಾಯ ಅಪ್ಪಟ ಚಿನ್ನ. ಕೈಕೆಲಸ ಒಂದು ಕಡೆ ಚಿನ್ನ, ಒಂದು ಕಡೆ ತಗಡು.' ನೀನು ಎರಡು ಚಿನ್ನ ಬಿಟ್ಟು ಒಂದು ತಗಡು ಎತ್ತಿಕೊಂಡು ಹೋದೆ. ನನ್ನ ಅನುಮಾನ ಬೇರೆ. ಶುಕ್ರವಾರ ನೀನು ಬಲ್ಬು ತರಲು ಹೋದವನು ಬಲ್ಬಿಲ್ಲದೆ ಬಂದು ಚೀಲಕ್ಕೆ ಬಟ್ಟೆ ತುಂಬಿದ್ದು ನನ್ನ ಪೋಸ್ಟರ್ ಓದಿ. 'ನಕ್ಕವರ ನೆರಳಿಗೆ ನಾವು ಹೊಣೆಯಲ್ಲ' ಅಂತ ಬರೆದವಳು ನಾನು. ತಮಾಷೆಗೆ ಬರೆದೆ. ನಿನಗೆ ಎಲ್ಲಿ ನೋಯುತ್ತದೆ ಅಂತ ಗೊತ್ತಿದ್ದರೂ ಬರೆಯುತ್ತಿದ್ದೆ, ಯಾಕೆಂದರೆ ಸಾಲು ಚೆನ್ನಾಗಿದೆ.

ನೀನು ನೋಡಲು ನಿಲ್ಲಲಿಲ್ಲ. ಆದ್ದರಿಂದ ನೀನೇ ತೆಗೆದ ಸಿನಿಮಾದ ಕಥೆಯನ್ನು ನಿನಗೇ ಹೇಳುವ ಭಾಗ್ಯ ನನ್ನದು.

ಒಂದು ಊರು. ಅಲ್ಲೊಬ್ಬ ಬೀದಿ ಫೋಟೋಗ್ರಾಫರ್. ಒಂದು ದಿನ ಫೋಟೋ ತೊಳೆದು ಹಗ್ಗಕ್ಕೆ ಒಣಹಾಕಿದಾಗ ಅವನಿಗೆ ಕಾಣುತ್ತದೆ: ಮರ, ಕಂಬ, ಸೈಕಲ್ಲು, ಎಲ್ಲದಕ್ಕೂ ನೆರಳಿದೆ, ನಡುವೆ ನಿಂತ ಮನುಷ್ಯನಿಗೆ ಮಾತ್ರ ಇಲ್ಲ. ಮಾರನೆಯ ದಿನ ಆ ಮನುಷ್ಯ ಸಾಯುತ್ತಾನೆ. ಹೀಗೆ ಇನ್ನೊಬ್ಬ, ಮತ್ತೊಬ್ಬ. ಸಾವಿಗೆ ಒಂದು ದಿನ ಮೊದಲೇ ನೆರಳು ಬಿಟ್ಟು ಹೋಗುತ್ತದೆ ಅಂತ ಅವನಿಗೊಬ್ಬನಿಗೇ ಗೊತ್ತು. ಊರಿಗೆ ಗೊತ್ತಾದ ಮೇಲೆ ಜನ ಬಿಸಿಲಿಗೆ ಬರುವುದನ್ನೇ ಬಿಡುತ್ತಾರೆ. ಸಾಲದ್ದಕ್ಕೆ, ಆಗದವರ ಫೋಟೋ ತೆಗೆದು ಹೇಳು ಅಂತ ಅವನ ಬಾಗಿಲಿಗೆ ಬರುತ್ತಾರೆ. ತಾತ, ಇದನ್ನು ನೀನು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಯೋಚಿಸಿದೆ! ನನಗೆ ಇಪ್ಪತ್ತಾಯಿತು, ಇದುವರೆಗಿನ ನನ್ನ ಅತ್ಯುತ್ತಮ ಯೋಚನೆ ಅಂದರೆ ಸ್ಟುಡಿಯೋದ ಬಾಗಿಲಿಗೆ 'ನಕ್ಕರೆ ಫೋಟೋ ರದ್ದು' ಅಂತ ಬೋರ್ಡು ಹಾಕಿದ್ದು.

ಇದು ಚಿನ್ನ. ತಗಡಿಗೆ ಬರೋಣ, ಬೆದರಬೇಡ.

ನೆರಳೇ ಕಥೆಯಾಗಿರುವ ಸಿನಿಮಾದಲ್ಲಿ ನಾಯಕಿಗೆ ಒಂದು ದೃಶ್ಯದಲ್ಲಿ ಎರಡು ನೆರಳು. ಎಡಗಡೆ ಒಂದು, ಬಲಗಡೆ ಒಂದು. ಎರಡು ಲೈಟು ಹಾಕಿ ಒಂದನ್ನು ಮರೆತಿದ್ದೀಯ. ಹಿಂದಿನ ಸಾಲಿನಿಂದ ಯಾರೋ, ಈಯಮ್ಮ ಎರಡು ಸಲ ಸಾಯಬೇಕು ಅಂದರು. ಅದೇ ನಾಯಕಿ ಮೋಡ ಕವಿದ ದಿನ ತೋಟದಲ್ಲಿ ಪೂರ್ತಿ ಒಂದು ಹಾಡು ಹಾಡುತ್ತಾಳೆ, ಆಗ ಒಂದೂ ನೆರಳಿಲ್ಲ. ನಾಳೆ ಇವಳು ಹೋಗುತ್ತಾಳೆ ಅಂತ ಜನ ಎದೆ ಗಟ್ಟಿ ಮಾಡಿಕೊಂಡು ಕೂತರೆ, ಮುಂದಿನ ದೃಶ್ಯದಲ್ಲಿ ಅವಳು ಬಟ್ಟೆ ಮಡಚುತ್ತಾ ನಗುತ್ತಾಳೆ! ಇನ್ನು ಮೈಕು. ಮೈಕಿನ ನೆರಳು ಮೂರು ದೃಶ್ಯಗಳಲ್ಲಿ ಗೋಡೆಯ ಮೇಲೆ ಬರುತ್ತದೆ. ಆ ಊರಿನಲ್ಲಿ ಚಿರಂಜೀವಿ ಯಾರಾದರೂ ಇದ್ದರೆ ಅದು ಮೈಕು. ನಡುವೆ ಹಾಸ್ಯದವನು ತನ್ನ ನೆರಳನ್ನು ತಾನೇ ಅಟ್ಟಿಸಿಕೊಂಡು ಹನ್ನೊಂದು ನಿಮಿಷ ಓಡುತ್ತಾನೆ. ಗಡಿಯಾರ ನೋಡಿದೆ, ಹನ್ನೊಂದು. ಕೋಳಿ ಯಾಕೆ ಬರುತ್ತದೆ ಅಂತ ಮೇಷ್ಟ್ರಿಗೂ ಗೊತ್ತಾಗಲಿಲ್ಲ.

ಜನ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು, ಮುಚ್ಚಿಡುವುದು ಏನಿದೆ? ನಾನೂ ನಕ್ಕೆ. ಅಪ್ಪ, ಉಳುಕದ ಕಾಲನ್ನು ಮುಂದಿನ ಸೀಟಿಗೆ ಒದ್ದುಕೊಂಡು ನಕ್ಕರು. ಏನಾಯಿತು ಹೇಳು? ಟಾಕೀಸಿನ ಚಾವಣಿ ಬಿತ್ತೇ? ನಕ್ಕವರು ಎದ್ದು ಹೋದರೇ? ಒಬ್ಬರೂ ಹೋಗಲಿಲ್ಲ. ನಕ್ಕು, ಕಣ್ಣೊರೆಸಿಕೊಂಡು, ಮುಂದೇನು ಅಂತ ಕೂತರು. ಅಂಥವರನ್ನು ನೋಡಿ ನೀನು ನಲವತ್ತು ವರ್ಷ ಹೆದರಿದೆಯಾ?

ಅಷ್ಟರಲ್ಲಿ ದೀಪದ ದೃಶ್ಯ ಬಂತು.

ಫೋಟೋಗ್ರಾಫರ್ ತನ್ನ ತಾಯಿಯ ಫೋಟೋ ತೊಳೆಯುತ್ತಾನೆ. ಕಾಲ ಬಳಿ ನೆರಳಿಲ್ಲ. ಅವನು ಫೋಟೋ ಹರಿದು ಬಿಸಾಡುವುದಿಲ್ಲ, ಕಿರುಚುವುದಿಲ್ಲ. ಒಂದು ದೀಪ ತಂದು ತಾಯಿಯ ಪಕ್ಕದಲ್ಲಿಡುತ್ತಾನೆ. ನೆರಳು ಬೀಳುವುದಿಲ್ಲ. ದೀಪ ಹತ್ತಿರ ತರುತ್ತಾನೆ, ಎತ್ತರಿಸುತ್ತಾನೆ, ಇಳಿಸುತ್ತಾನೆ. ಆ ತಾಯಿ ಬಟ್ಟೆಗೆ ಗುಂಡಿ ಹಾಕುತ್ತಾ, ಸೆಕೆ ಆಗುತ್ತದಪ್ಪಾ, ದೀಪ ಆ ಕಡೆ ಇಡು ಅನ್ನುತ್ತಾಳೆ. ಇಡುತ್ತೇನಮ್ಮಾ ಅನ್ನುತ್ತಾನೆ. ಇಡುವುದಿಲ್ಲ. ಅಷ್ಟೇ ದೃಶ್ಯ. ಸಂಗೀತವೂ ಇಲ್ಲ. ದುಡ್ಡು ಮುಗಿದಿತ್ತಂತೆ, ಅಜ್ಜಿ ಹೇಳಿದಳು.

ತಾತ, ಟಾಕೀಸಿನಲ್ಲಿ ಕಡಲೆಕಾಯಿ ಪೊಟ್ಟಣ ಸದ್ದು ಮಾಡುವುದು ನಿಂತಿತು. ನನ್ನ ಪಕ್ಕದಲ್ಲಿದ್ದ ಅಮ್ಮ ನನ್ನ ಕೈ ಹಿಡಿದರು. ಉಗುರಿನ ಗುರುತು ಸೋಮವಾರದ ತನಕ ಇತ್ತು. ಇದನ್ನು ಮಾಡಿದವನಿಗೆ ಓಡಿಹೋಗುವ ಹಕ್ಕಿಲ್ಲ. ಅಷ್ಟೇ ಹೇಳಬೇಕಾಗಿದ್ದುದು, ಉಳಿದದ್ದೆಲ್ಲ ಕಾಗದ ತುಂಬಿಸುವುದಕ್ಕೆ.

ಆದರೂ ತುಂಬಿಸುತ್ತೇನೆ, ಯಾಕೆಂದರೆ ನಿನ್ನ ಕಣ್ಣು ಈಗ ಆರನೆಯ ರೀಲನ್ನು ಹುಡುಕುತ್ತಿದೆ ಅಂತ ನನಗೆ ಗೊತ್ತು.

ಆರನೆಯ ರೀಲು. ಫೋಟೋಗ್ರಾಫರನ ನೆರಳೇ ಅವನನ್ನು ಬಿಟ್ಟು ಹೊರಡುವ ಜಾಗ. ಇದನ್ನು ನೀವು ಹೇಗೆ ತೆಗೆದಿರಿ ಅಂತ ನೀನು ಹೊರಟುಹೋದ ಶುಕ್ರವಾರ ರಾತ್ರಿ ಅಜ್ಜಿ ಹೇಳಿದಳು, ಮಿಷಿನ್ ನಿಲ್ಲಿಸಿಯೇ ಹೇಳಿದಳು. ಟ್ರಿಕ್ ಮಾಡಿಸಲು ಗತಿಯಿಲ್ಲದೆ, ಮೋಡದ ದಿನ ನೋಡಿಕೊಂಡು, ನಿಜವಾದ ನೆರಳು ಬೀಳದ ಹೊತ್ತಿನಲ್ಲಿ, ಅಜ್ಜಿ ಕಪ್ಪು ಬಟ್ಟೆಯಲ್ಲಿ ಮನುಷ್ಯಾಕಾರ ಕತ್ತರಿಸಿ ಹೊಲಿದ ನೆರಳನ್ನು ನೆಲಕ್ಕೆ ಹಾಸಿದಿರಂತೆ. ಕಾಲ ತುದಿಗೆ ಕಾಣದ ದಾರ ಕಟ್ಟಿ ಗೇಟಿನ ಆಚೆಯಿಂದ ಎಳೆಯುವುದು. ನೆರಳು ಮೆಟ್ಟಿಲಿಳಿದು, ಅಂಗಳ ದಾಟಿ, ಗೇಟಿನ ಕೆಳಗೆ ನುಸುಳಿ ಹೋಗುತ್ತದೆ. ಮೋಡ ಇದ್ದರೆ ಗಾಳಿಯೂ ಇರುತ್ತದಲ್ಲ, ಬಟ್ಟೆ ಏಳಬಾರದು ಅಂತ ಅಜ್ಜಿ ಅಂಚಿನೊಳಗೆ ಕಬ್ಬಿಣದ ವಾಷರ್ ಇಟ್ಟು ಹೊಲಿಯುತ್ತಾ ಬಂದಳಂತೆ. ಎರಡು ಕಾಲು ಆಯಿತು, ಬಲಗೈ ಆಯಿತು, ತಲೆ ಆಯಿತು. ಎಡಗೈಯ ಮೂಲೆ ಬಾಕಿ. ಬೆಳಕು ಹೋಗುತ್ತಿದೆ ಅಂತ ನೀನು ಕೂಗಾಡುತ್ತಿದ್ದೆ. ಒಂದು ಮೂಲೆ ಬಾಕಿ ಇದೆ ಕಣ್ರೀ ಅಂತ ಅವಳು ಅಂದರೆ, ಒಂದು ಮೂಲೆ ಯಾರು ನೋಡುತ್ತಾರೆ, ಹಾಸು ಅಂದೆಯಂತೆ.

ಎಲ್ಲರೂ ನೋಡಿದರು. ಅಂಗಳದ ನಡುವೆ ಗಾಳಿ ಬಂತು, ಎಡಗೈ ಪಟಪಟ ಅಂತ ಎದ್ದು ಎದೆಯ ಮೇಲೆ ಮಡಚಿಕೊಂಡಿತು. ಬಿಡುಗಡೆಯ ದಿನ ಮೊದಲು ಒಬ್ಬ ನಕ್ಕ, ಆಮೇಲೆ ಇಡೀ ಟಾಕೀಸು. ಬೆಡ್‌ಶೀಟ್ ಒಣಗಿಸಿದ್ದಾರೆ ಅಂತ ಕೂಗಿದರು. ನೀನು ಎದ್ದು ಹೊರಗೆ ಬಂದೆ, ಬಂದವನು ಅಜ್ಜಿಗೆ ಒಂದೇ ಮಾತು ಅಂದೆ: ನಿನ್ನ ಹೊಲಿಗೆ ನನ್ನ ಸಿನಿಮಾ ಕೊಂದಿತು. ಅದಕ್ಕೇ ಅವಳು ಕಪ್ಪು ಬಟ್ಟೆ ಹೊಲಿಯಲು ಒಪ್ಪುವುದಿಲ್ಲ. ಗಿರಾಕಿಗಳು ಕೇಳಿದರೆ, ನನಗೆ ಕಣ್ಣು ಮಂಜು, ಕಪ್ಪಿನ ಮೇಲೆ ಕಪ್ಪು ದಾರ ಕಾಣುವುದಿಲ್ಲ ಅನ್ನುತ್ತಾಳೆ. ಸೂಜಿಗೆ ದಾರ ಪೋಣಿಸುವುದು ಮಾತ್ರ ಒಂದೇ ಸಲಕ್ಕೆ. ಇದನ್ನು ನನಗೆ ಹೇಳುವಾಗ ಅವಳು ಅಳಲಿಲ್ಲ, ದೂರಲಿಲ್ಲ. ಮೂಲೆ ಬಾಕಿ ಇದೆ ಅಂತ ಹೇಳಿದ್ದೆ ಅಂತ ಮಾತ್ರ ಎರಡು ಸಲ ಅಂದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಕುಣಿಯಬಲ್ಲವನು ತಾತ, ಆದರೂ ತಪ್ಪನ್ನು ನೆಲದ ಮೇಲೆ ಹಾಕಿದೆ. ಅದೂ ಎಂಥ ನೆಲದ ಮೇಲೆ!

ಸರಿ, ಭಾನುವಾರ ಏನಾಯಿತು ಕೇಳು. ಆ ಜಾಗ ಬಂತು. ಎದೆ ಮೇಲೆ ಕೈಯಿಟ್ಟು, ಯಾವ ಆಣೆ ಬೇಕಾದರೂ ಇಟ್ಟು ಹೇಳುತ್ತೇನೆ: ಒಬ್ಬರೂ ನಗಲಿಲ್ಲ. ನೆರಳು ಮೆಟ್ಟಿಲಿಳಿಯಿತು, ಅಂಗಳಕ್ಕೆ ಬಂತು, ಟಕ್ ಅಂತ ಒಂದು ಸದ್ದಾಗಿ ಚಿತ್ರ ಸ್ವಲ್ಪ ಹಾರಿತು, ನೆರಳು ಗೇಟಿನ ಕೆಳಗೆ ಹೋಯಿತು. ಮುಗಿಯಿತು. ಹಳೆಯ ರೀಲು, ಹಾರುವುದು ಸಹಜ. ಆಪರೇಟರ್ ಮಾಮ ಮೇಲಿನಿಂದ ಯಾರನ್ನೋ ಬೈಯುತ್ತಿದ್ದರು, ಅದು ಅವರ ಅಭ್ಯಾಸ. ನಲವತ್ತು ವರ್ಷ ನಿನ್ನನ್ನು ಕಾಡಿದ ನಗು ಆ ಟಾಕೀಸಿನಲ್ಲಿ ಹುಡುಕಿದರೂ ಸಿಗಲಿಲ್ಲ. ಹಾಗಿದ್ದ ಮೇಲೆ ನಿನ್ನ ಮೂರೂ ಅಪ್ಪಣೆಗಳು ಬಿದ್ದುಹೋದವು ತಾನೇ? ಯಾರಿಗೆ ಕ್ಷಮಾಪಣೆ? ಯಾತಕ್ಕೆ?

ಅಜ್ಜಿಯೂ ಬಂದಿದ್ದಳು. ನೀನು ಇಲ್ಲದ್ದರಿಂದಲೇ ಬಂದಳು ಅಂತ ನನ್ನ ಲೆಕ್ಕ. ಮೂರನೆಯ ಸಾಲಿನಲ್ಲಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಪಾಸ್‌ಪೋರ್ಟ್ ಫೋಟೋಗೆ ಕೂತವಳ ಹಾಗೆ ನೆಟ್ಟಗೆ ಕೂತಿದ್ದಳು. ಆರನೆಯ ರೀಲು ಬಂದಾಗ ಮುಂದಕ್ಕೆ ಬಾಗಿದಳು. ಮುಗಿದ ಮೇಲೂ ಬಾಗಿಯೇ ಇದ್ದಳು. ದಾರಿಯಲ್ಲಿ, ನನ್ನ ಮೂಲೆ ಎಲ್ಲಿ ಹೋಯಿತು ಅಂತ ಕೇಳಿದಳು. ಯಾವ ಮೂಲೆ ಅಂದೆ. ಎಡಗೈ ಮೂಲೆ ಕಣೇ, ಏಳುತ್ತದಲ್ಲ, ಅದನ್ನು ಇನ್ನೊಂದು ಸಲ ನೋಡಬೇಕಿತ್ತು, ಅದಕ್ಕೇ ಬಂದೆ ಅಂದಳು. ಅಜ್ಜಿ, ನೀನು ಆಗ ಕಣ್ಣು ಮಿಟುಕಿಸಿರಬೇಕು ಅಂದೆ. ಅಷ್ಟು ಹೊತ್ತು ಯಾರು ಮಿಟುಕಿಸುತ್ತಾರೆ ಅಂದಳು. ವಯಸ್ಸಾದವರ ಹತ್ತಿರ ವಾದ ಯಾಕೆ ಅಂತ ಬಿಟ್ಟೆ.

ಆಮೇಲೆ ಅವಳು ಹೇಳಿದ್ದನ್ನು ನೀನು ಕೂತುಕೊಂಡು ಓದು. ಆ ಸಿನಿಮಾದಲ್ಲಿ ಒಂದು ಎಳೆ ಕಡಿಮೆ ಆಯಿತು ಅಂದಳು. ನೆರಳು ಹೋಯಿತು ಅಂತ ಗೊತ್ತಾದ ಮೇಲೆ ಆ ಫೋಟೋಗ್ರಾಫರ್ ಸುಮ್ಮನೆ ಯಾಕೆ ಸಾಯಬೇಕು? ನೆಟ್ಟಗೆ ಒಬ್ಬ ದರ್ಜಿಯ ಹತ್ತಿರ ಹೋಗಿ, ನನಗೊಂದು ನೆರಳು ಹೊಲಿದು ಕೊಡು ಅನ್ನಬೇಕು. ಸಾವಿಗೆ ಮೋಸ ಮಾಡುವುದಕ್ಕೆ. ಹೊಲಿದ ನೆರಳು ಕಟ್ಟಿಕೊಂಡು ಅವನು ಊರೆಲ್ಲ ಓಡಾಡಲಿ, ಜನ ನಂಬಲಿ, ನಾವೂ ನಂಬೋಣ. ಆಗ ಅಂಗಳದಲ್ಲಿ ಗಾಳಿ ಬಂದು ಆ ಒಂದು ಮೂಲೆ ಏಳಲಿ. ಯಾರು ನಗುತ್ತಾರೆ ನೋಡೋಣ ಅಂದಳು.

ತಾತ, ನಾನು ರಸ್ತೆಯ ನಡುವೆ ನಿಂತುಬಿಟ್ಟೆ. ಹಿಂದಿನಿಂದ ಸ್ಕೂಟರಿನವನು ಬೈದುಕೊಂಡು ಹೋದ. ಇಷ್ಟು ಚೆನ್ನಾಗಿರುವುದನ್ನು ಈಗ ಹೇಳುತ್ತೀಯಲ್ಲ ಅಂದರೆ, ಆವತ್ತೇ ಹೇಳಿದ್ದೆ, ಬಟ್ಟೆ ಹಾಸುವಾಗಲೇ ಹೇಳಿದ್ದೆ ಅಂದಳು. ನೀನು ಹೊಲಿ, ಕಥೆ ನಾನು ನೋಡಿಕೊಳ್ಳುತ್ತೇನೆ ಅಂದೆಯಂತೆ ನೀನು.

ನಿನಗೆ ನೆನಪಿದೆಯೋ ಇಲ್ಲವೋ. ಅವಳಿಗೆ ಇದೆ.

ಹೀಗಾಗಿ ಅಪ್ಪಣೆಗಳು ಈಗ ಈ ಕಡೆಯಿಂದ ಹೊರಡುತ್ತಿವೆ. ಶನಿವಾರದ ಬಸ್ಸು ಹತ್ತತಕ್ಕದ್ದು. ಎರಡೂ ಚಪ್ಪಲಿ ತರತಕ್ಕದ್ದು. ಭಾನುವಾರ ಟಾಕೀಸಿನಲ್ಲಿ ಅಜ್ಜಿಯ ಪಕ್ಕದ ಸೀಟಿನಲ್ಲಿ ಕೂರತಕ್ಕದ್ದು. ಕೈಚೀಲ ಇಟ್ಟು ನಾನೇ ಜಾಗ ಹಿಡಿಯುತ್ತೇನೆ. ಕೋಳಿಗೆ ನಗುತ್ತಾರೆ, ಮೈಕಿಗೆ ನಗುತ್ತಾರೆ, ಎರಡು ನೆರಳಿಗೂ ನಗುತ್ತಾರೆ. ನೀನೂ ನಗು. ನಿನ್ನದೇ ಕೋಳಿ, ನಿನಗಿಲ್ಲದ ಹಕ್ಕು ಯಾರಿಗಿದೆ? ಸೋಮವಾರ ಸಹಿ ಹಾಕತಕ್ಕದ್ದು. ಅಜ್ಜಿಗೆ ಏನು ಹೇಳಬೇಕು ಅಂತ ನಾನು ಹೇಳಿಕೊಡುವುದಿಲ್ಲ. ಅದು ನಿನ್ನ ಬಾಕಿ ಮೂಲೆ, ನೀನೇ ನೋಡಿಕೊ.

ಬರದಿದ್ದರೆ? ಬರದಿದ್ದರೆ ನಾನು ಎರಡನೆಯ ಆಟ ಮಾಡಿಯೇ ಮಾಡುತ್ತೇನೆ. ಪೋಸ್ಟರ್ ಇನ್ನೂ ದೊಡ್ಡದು ಮಾಡುತ್ತೇನೆ. ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ನೀನು ಇಟ್ಟಿರುವ ಆ ನಗದ ಮುಖಗಳನ್ನೆಲ್ಲ ತೆಗೆದು ದೀಪ ಹಿಡಿದ ಆ ಮಗನ ಚಿತ್ರ ಹಾಕುತ್ತೇನೆ, ಕೆಳಗೆ ನಿನ್ನ ಹೆಸರು, ಗೀಚದೆ. ಒಬ್ಬ ಮನುಷ್ಯ ನಾಲ್ಕು ಜನರ ನಗುವಿಗೆ ಹೆದರಿ ತನ್ನ ಕೈಯಾರೆ ಮಾಡಿದ್ದನ್ನು ತಾನೇ ಅಟ್ಟಕ್ಕೆ ತಳ್ಳುತ್ತಾನೆ ಅಂದರೆ ನನಗೆ ನಾಚಿಕೆಯಾಗುತ್ತದೆ. ನಗುವವರು ನಗಲಿ. ಮೂಲೆ ಎದ್ದರೆ ಏಳಲಿ. ಏಳುವುದನ್ನು ತೋರಿಸುವ ಧೈರ್ಯ ಇರಬೇಕು ತಾತ. ಇದು ನನ್ನ ಕೊನೆಯ ಮಾತು, ಇದಕ್ಕೆ ನಾನು ತಲೆ ಬಾಗುವುದಿಲ್ಲ, ನೀನು ಇನ್ನೂ ಹತ್ತು ಕಾರ್ಡು ತೂತು ಮಾಡಿದರೂ ಸರಿ.

ಚಿಕ್ಕಜ್ಜಿಗೆ ನನ್ನ ನಮಸ್ಕಾರ. ನಿನ್ನನ್ನು ಸಹಿಸಿಕೊಂಡಿರುವುದಕ್ಕೆ ಅವರಿಗೆ ನ್ಯಾಯವಾಗಿ ಒಂದು ಪದಕ ಬರಬೇಕು. ಮನೆಯಲ್ಲಿ ಬೇರೆ ವಿಶೇಷವಿಲ್ಲ. ಅಜ್ಜಿಯ ಕತ್ತರಿ ಯಾಕೋ ಭಾನುವಾರದಿಂದ ಬಟ್ಟೆ ಅಗಿಯುತ್ತಿದೆಯಂತೆ, ಒಂದೇ ಸಮನೆ ಗೊಣಗುತ್ತಿದ್ದಾಳೆ. ಸಾಣೆಗೆ ಕೊಡೋಣ ಅಂದಿದ್ದೇನೆ.

ಇಂತಿ,
ಯಾರಿಗೂ ಹೆದರದ, ಯಾರ ನಗುವಿಗೂ ಜಗ್ಗದ,
ನಿನ್ನ ಕಪಿ

ತಾ.ಕ.: ಆ ಜಾಗದಲ್ಲಿ ಒಬ್ಬರೂ ನಗಲಿಲ್ಲ ಅಂತ ಬರೆದದ್ದು ಸತ್ಯ. ಆ ಜಾಗವೇ ಇರಲಿಲ್ಲ ಅನ್ನುವುದೂ ಸತ್ಯ. ಶನಿವಾರ ಮಧ್ಯಾಹ್ನ ಆಪರೇಟರ್ ಮಾಮ ಊಟಕ್ಕೆ ಹೋದಾಗ, ನಾನು ಆರನೆಯ ಡಬ್ಬಿ ತೆಗೆದು ಮೂಲೆ ಏಳುವ ತುಂಡನ್ನು ಕತ್ತರಿಸಿ, ಉಳಿದೆರಡು ತುದಿಗಳನ್ನು ಟೇಪಿನಿಂದ ಅಂಟಿಸಿದೆ. ನಾಲ್ಕು ಸೆಕೆಂಡು, ಆರು ಅಡಿ. ನಿನ್ನನ್ನು ನೋಡಿ ಮತ್ತೆ ನಗುತ್ತಾರೆ ಅಂತ. ಆಗ ನನಗೆ ಅಜ್ಜಿಯ ಎಳೆ ಗೊತ್ತಿರಲಿಲ್ಲ. ಸುರುಳಿ ಸುತ್ತಿದರೆ ನಮ್ಮ ಹಳೆಯ ಫಿಲ್ಮ್ ರೋಲಿನ ಡಬ್ಬಿಯಲ್ಲಿ ಸರಿಯಾಗಿ ಕೂರುತ್ತದೆ, ನನ್ನ ಜೇಬಿನಲ್ಲಿದೆ. ಅಂಚೆಯಲ್ಲಿ ಕಳಿಸುವುದಿಲ್ಲ. ನೀನು ಬಂದು ಜೋಡಿಸಬೇಕು, ನನ್ನ ಟೇಪಿನ ಕೆಲಸ ಅಪ್ಪಟ ತಗಡು.

ಕತ್ತರಿಸಿದ್ದು ಅಜ್ಜಿಯ ಬಟ್ಟೆಯ ಕತ್ತರಿಯಿಂದ. ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೇ ಒಂದು ಸಲ ಅಪ್ಪನಿಗೆ ಏನಾಯಿತು ಅಂತ ನಿನಗೆ ಗೊತ್ತು. ಶನಿವಾರದ ಬಸ್ಸಿಗೆ ಬಾ ತಾತ. ಅವಳಿಗೆ ನಾನೊಬ್ಬಳೇ ಹೇಳಬೇಕು ಅಂದರೆ ನನಗೆ ನಿಜವಾಗಿ ಭಯವಾಗುತ್ತದೆ.